ಮುರಕಲ್ಲಿನ ಮೇಲೆ ಮನೆ ನಿಲ್ತದೆ, ಕಾರು ನಿಲ್ಲುದಿಲ್ಲ

ನಮ್ಮ ಕಾಸರಗೋಡು ಕಡೆ ಯಾರ ಮನೆ ಅಂಗಳಕ್ಕೆ ಹೋದ್ರೂ ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಮುರಕಲ್ಲು, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲು, ಅಟ್ಟಿ ಹಾಕಿರ್ತದೆ, ಯಾವಾಗಲೋ ಹಟ್ಟಿ ಕಟ್ಟಿ ಉಳಿದದ್ದು ಅಥವಾ ಮುಂದೆ ಕಂಪೌಂಡು ಕಟ್ಟುವ ಅಂತ ತರಿಸಿಟ್ಟು ಮರೆತದ್ದು. ನೀರಿನ ಡ್ರಮ್ಮಿನ ಅಡಿಗೂ ಅದೇ, ಅಡಿಕೆ ಗೋಣಿ ನೆಲಕ್ಕೆ ತಾಗದ ಹಾಗೆ ಇಡ್ಲಿಕ್ಕೂ ಅದೇ, ಮದುವೆ ಮನೆಯಲ್ಲಿ ಒಲೆ ಹೂಡ್ಲಿಕ್ಕೂ ಅದೇ. ಹಾಗಾಗಿ ಕಾರಿನ ಚಕ್ರ ಬಿಚ್ಚುವಾಗ ಜಾಕಿಯ ಪಕ್ಕದಲ್ಲಿ "ಇರ್ಲಿ ಒಂದು ಸೇಫ್ಟಿಗೆ" ಅಂತ ಮುರಕಲ್ಲು ಕೊಡುದು ನಾವು ಯೋಚನೆ ಮಾಡಿ ಮಾಡುವ ಕೆಲಸವೇ ಅಲ್ಲ, ಕೈ ತನ್ನಷ್ಟಕ್ಕೆ ಹೋಗ್ತದೆ. ಇಡೀ ಮನೆಯನ್ನೇ ಹೊತ್ತ ಕಲ್ಲು, ಕಾರಿನ ಒಂದು ಮೂಲೆ ಹೊರುದಿಲ್ವಾ?

ಹೊರುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಹೋದ ವರ್ಷ ಮೇ ಕೊನೆಗೆ, ಬದಿಯಡ್ಕ ಹತ್ತಿರ ಮಾವನ ಮನೆಯಲ್ಲಿ. ಅವರ ಹಳೇ ಮಾರುತಿ 800ರ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸುದು ಅಂತ ಹೊರಟು, ಕಾರಿನ ಜೊತೆಗೆ ಬಂದ ಸ್ಕ್ರೂ ಜಾಕಿಯಲ್ಲಿ ಎತ್ತಿ, ಚಕ್ರ ಬಿಚ್ಚಿ, ಬಾಗಿಲಿನ ಕೆಳಗೆ ಒಂದು ದಪ್ಪ ಹಲಗೆ ಅದರ ಮೇಲೆ ಒಂದು ಮುರಕಲ್ಲು ಇಟ್ಟಾಗಿತ್ತು. ಬಿಚ್ಚಿದ ಚಕ್ರ ಕಾಲಿಗೆ ಅಡ್ಡ ಬರ್ತದೆ ಅಂತ ನಾನು ಅದನ್ನು ಕಾರಿನ ಅಡಿಗೆ ನೂಕಿದೆ, ಬೇರೆ ಯಾವ ಬುದ್ಧಿವಂತಿಕೆಯೂ ಅದರಲ್ಲಿ ಇರ್ಲಿಲ್ಲ, ಬರೀ ಉದಾಸೀನ. ಪ್ಯಾಡನ್ನು ಹಿಡಿದಿಡುವ ಕ್ಯಾಲಿಪರಿನ ಒಂದು ಬೋಲ್ಟು ತುಕ್ಕು ಹಿಡಿದು ಕಚ್ಚಿ ಕೂತಿತ್ತು, ಮಾವ ಸ್ಪ್ಯಾನರ್ ಹಾಕಿ ಒಂದೆರಡು ಸಲ ಜೋರಾಗಿ ಎಳೆದ್ರು, ಕಾರು ಸ್ವಲ್ಪ ಅಲ್ಲಾಡಿತು. ಆಗ ನೋಡಿದ್ರೆ ಕಲ್ಲಿನ ಮೇಲಿನ ಅಂಚಿನಿಂದ ಕೆಂಪು ಹುಡಿ ಉದುರ್ತಾ ಉಂಟು, ಚಿಟಿಕೆಯಲ್ಲಿ ಮೆಣಸಿನ ಹುಡಿ ಹಾಕಿದ ಹಾಗೆ, ಸಣ್ಣಗೆ. ಇದೆಂತದಪ್ಪಾ ಅಂತ ನಾನು ಬಗ್ಗುವಷ್ಟರಲ್ಲಿ ಜಾಕಿ ಓರೆ ಆಯ್ತು, ಭಾರ ಪೂರ್ತಿ ಕಲ್ಲಿಗೆ ಬಂತು, ಟಪ್ ಅಂತ ಒಂದು ಶಬ್ದ, ಕಲ್ಲು ಮಧ್ಯಕ್ಕೆ ಎರಡು ಹೋಳು. ಕಾರು ನಾಲ್ಕು ಇಂಚು ಕೆಳಗೆ ಬಂದು ಆ ಉದಾಸೀನದ ಚಕ್ರದ ಮೇಲೆ ಕೂತಿತು. ಮಾವನ ಕೈ ಆ ಹೊತ್ತಿಗೆ ದೊಡ್ಡ ಸ್ಪ್ಯಾನರ್ ಬೇಕು ಅಂತ ನನ್ನ ಕಡೆ ಚಾಚಿತ್ತು, ಒಳಗೆ ಇರ್ಲಿಲ್ಲ.

ಮತ್ತೆ ಮನೆಗೆ ಬಂದು ಲೆಕ್ಕ ಹಾಕಿದೆ. ಕಟ್ಟಡಕ್ಕೆ ಬಳಸುವ ಮುರಕಲ್ಲಿಗೆ ಭಾರತೀಯ ಮಾನಕ ಒಂದು ಉಂಟು, ಅದರ ಪ್ರಕಾರ ಕಲ್ಲು ಕನಿಷ್ಠ ಒಂದು ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡ ತಡೀಬೇಕು. 390ಕ್ಕೆ 190 ಮಿಲಿಮೀಟರಿನ ಕಲ್ಲು ಮಲಗಿಸಿ ಇಟ್ರೆ ಮೇಲಿನ ಮುಖ 74 ಸಾವಿರ ಚದರ ಮಿಲಿಮೀಟರ್, ಅಂದ್ರೆ ಭಾರ ಎಲ್ಲಾ ಕಡೆ ಸಮ ಹಂಚಿಹೋದ್ರೆ ಒಂದೇ ಕಲ್ಲು 26 ಟನ್ ಹೊರ್ತದೆ! 800ರ ಒಟ್ಟು ತೂಕ ಸುಮಾರು 650 ಕೆಜಿ, ಮುಂದಿನ ಒಂದು ಬದಿಗೆ ಬರುದು ಹೆಚ್ಚು ಕಮ್ಮಿ 200, ನಾಲ್ಕು ಚೀಲ ಸಿಮೆಂಟು ಅಷ್ಟೇ. ಹಾಗಾದ್ರೆ ಒಡೆದದ್ದು ಯಾಕೆ? ಬಾಗಿಲಿನ ಕೆಳಗೆ ಉದ್ದಕ್ಕೆ ತಗಡುಗಳನ್ನು ಸೇರಿಸಿ ವೆಲ್ಡ್ ಮಾಡಿದ ಒಂದು ಅಂಚು ಇರ್ತದೆ, ದಪ್ಪ ಎರಡು ಮೂರು ಮಿಲಿಮೀಟರ್. ಆ ಅಂಚು ಕಲ್ಲಿಗೆ ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ತಾಗಿದ್ರೆ ಇಡೀ 200 ಕೆಜಿ ಬರೀ 120 ಚದರ ಮಿಲಿಮೀಟರಿನ ಮೇಲೆ, ಅಂದ್ರೆ ಒಂದೊಂದು ಚದರ ಮಿಲಿಮೀಟರಿಗೆ 16 ನ್ಯೂಟನ್ ಮೇಲೆ. ಮಾನಕದಲ್ಲಿ ಹೇಳಿದ್ದರ ನಾಲ್ಕೂವರೆ ಪಟ್ಟು. ಕಲ್ಲು ಕೆತ್ತುವವರು ಹೇಗೆ ತುಂಡು ಮಾಡ್ತಾರೆ ನೋಡಿದ್ದೀರಲ್ಲ, ಉದ್ದಕ್ಕೊಂದು ಗೀಟು ಹಾಕಿ ಅದರ ಮೇಲೆಯೇ ನಾಲ್ಕು ಪೆಟ್ಟು, ಕಲ್ಲು ಎರಡಾಗ್ತದೆ. ನಾವು ಕಾರಿನ ತಗಡಿನ ಅಂಚನ್ನೇ ಉಳಿ ಮಾಡಿ, ಕಾರಿನ ತೂಕವನ್ನೇ ಸುತ್ತಿಗೆ ಮಾಡಿ ಅದೇ ಕೆಲಸ ಮಾಡಿದ್ದು. ಮನೆ ಗೋಡೆಯಲ್ಲಿ ಹಾಗಲ್ಲ, ಅಲ್ಲಿ ಕಲ್ಲಿನ ಇಡೀ ಮುಖಕ್ಕೆ ಗಾರೆ, ಅದರ ಮೇಲೆ ಇನ್ನೊಂದು ಕಲ್ಲಿನ ಇಡೀ ಮುಖ, ಭಾರ ಹರಡಿ ಇಳೀತದೆ. ಮಳೆಗಾಲದಲ್ಲಿ ನೀರು ಕುಡಿದ ಕಲ್ಲು ಇನ್ನೂ ಮೆತ್ತಗೆ. ಸಿಮೆಂಟಿನ ಟೊಳ್ಳು ಬ್ಲಾಕು, ಇಟ್ಟಿಗೆ, ಹಂಚು ಎಲ್ಲದರದ್ದೂ ಇದೇ ಜಾತಕ, ಇವು ಬಗ್ಗಿ ಸೂಚನೆ ಕೊಡುದಿಲ್ಲ, ಒಮ್ಮೆಗೇ ಹೋಗ್ತವೆ. ಕಬ್ಬಿಣ ಬಾಗ್ತದೆ, ಮರ ಕಿರುಗುಟ್ಟುತ್ತದೆ, ಕಲ್ಲು ಮಾತ್ರ ಕೊನೆ ಕ್ಷಣದವರೆಗೆ ಗಟ್ಟಿ ಇದ್ದ ಹಾಗೆಯೇ ಕಾಣ್ತದೆ.

ಕಲ್ಲು ಇರ್ಲಿ, ಜಾಕಿ ಇತ್ತಲ್ಲ ಅಂತ ಕೇಳ್ಬಹುದು. ಜಾಕಿ ಎತ್ತುವ ಸಾಮಾನು, ಹಿಡ್ಕೊಂಡು ನಿಲ್ಲುವ ಸಾಮಾನು ಅಲ್ಲ, ಈ ಲೇಖನದಲ್ಲಿ ಹೇಳ್ಲಿಕ್ಕೆ ಇರುದೇ ಅದೊಂದು. ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕಿ ನೋಡಿ, ಅಡ್ಡಕ್ಕೆ ಒಂದು ಉದ್ದ ಸ್ಕ್ರೂ, ನಾಲ್ಕು ಕೈ, ಅಡಿಗೆ ಒಂದು ಪುಸ್ತಕದಷ್ಟೂ ಅಗಲ ಇಲ್ಲದ ತಗಡಿನ ಪಾದ. ಕೆಳಗೆ ಮಡಚಿ ಇರುವಾಗ ತಿರುಗಿಸ್ಲಿಕ್ಕೆ ಬಲ ಜಾಸ್ತಿ ಬೇಕು ಯಾಕಂದ್ರೆ ಕೈಗಳು ಚಪ್ಪಟೆ ಮಲಗಿರುವಾಗ ಸ್ಕ್ರೂವಿನ ಮೇಲೆ ಎಳೆತ ಜಾಸ್ತಿ, ಮೇಲೆ ಹೋದ ಹಾಗೆ ಹಗುರ ಆಗ್ತದೆ, ಆಗ ನಮಗೆ ಈಗ ಆರಾಮ ಆಯ್ತು ಅಂತ ಅನಿಸ್ತದೆ. ಆದ್ರೆ ಎತ್ತರ ಆದಷ್ಟೂ ಅದು ಬದಿಗೆ ವಾಲ್ಲಿಕ್ಕೆ ಬೇಕಾದ ಬಲ ಕಮ್ಮಿ ಆಗ್ತಾ ಬರ್ತದೆ. ಅದರ ಮಿತಿಯ ಒಳಗಿನ ಭಾರ ನೇರ ಮೇಲಿನಿಂದ ಬಂದ್ರೆ ತಡೀತದೆ, ಬದಿಯಿಂದ ಒಂದು ಜಗ್ಗು ಜಗ್ಗಿದ್ರೆ ಮಗುಚ್ತದೆ. ಕಚ್ಚಿದ ಬೋಲ್ಟ್ ಎಳೆಯುದು ಅಂದ್ರೆ ಅದೇ, ಬದಿಯಿಂದ ಜಗ್ಗುದು. ಕಾರಿನ ಜೊತೆ ಬರುವ ಪುಸ್ತಕದಲ್ಲಿಯೇ ಈ ಜಾಕಿ ಟೈರು ಬದಲಾಯಿಸ್ಲಿಕ್ಕೆ ಮಾತ್ರ, ಅಡಿಗೆ ನುಗ್ಗಬೇಡಿ ಅಂತ ಬರೆದಿರ್ತದೆ, ಆ ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರು ಸಮೇತ ಹಾಗೆಯೇ ಇರ್ತದೆ ಪಾಪ.

ಎಣ್ಣೆಯ ಜಾಕಿ, ಅಂದ್ರೆ ಬಾಟ್ಲಿ ಜಾಕಿ ಮತ್ತು ಚಕ್ರ ಇರುವ ಟ್ರಾಲಿ ಜಾಕಿ, ಕೆಲಸ ಮಾಡುದು 17ನೇ ಶತಮಾನದ ಪಾಸ್ಕಲ್ ಹೇಳಿದ ತತ್ವದಲ್ಲಿ. ಮುಚ್ಚಿದ ಎಣ್ಣೆಗೆ ಒಂದು ಕಡೆ ಒತ್ತಿದ್ರೆ ಆ ಒತ್ತಡ ಎಲ್ಲಾ ಕಡೆಗೂ ಅಷ್ಟೇ ಹೋಗ್ತದೆ, ಹಾಗಾಗಿ ಒಂದು ಸೆಂಟಿಮೀಟರ್ ಅಗಲದ ಪಿಸ್ಟನ್ ಒತ್ತಿ ಮೂರು ಸೆಂಟಿಮೀಟರ್ ಅಗಲದ ಪಿಸ್ಟನ್ ಎತ್ತಿದ್ರೆ ಬಲ ಒಂಬತ್ತು ಪಟ್ಟು, ಮೇಲಿಂದ ಹಿಡಿ ಉದ್ದ ಇರುದರಿಂದ ಇನ್ನಷ್ಟು. ಚಂದ. ಆದ್ರೆ ಆ ಎಣ್ಣೆಯನ್ನು ಒಳಗೆ ಹಿಡಿದಿಟ್ಟದ್ದು ಎಂತದು? ಒಂದು ರಬ್ಬರ್ ಸೀಲು, ಒಂದು ಸಣ್ಣ ಉಕ್ಕಿನ ಗುಂಡು. ಸೀಲು ಹಳತಾದ್ರೆ ಅಥವಾ ಗುಂಡಿನ ಅಡಿಗೆ ಒಂದು ಹೊಯಿಗೆ ಕಣ ಕೂತ್ರೆ ಕಾರು ಯಾರಿಗೂ ಗೊತ್ತಾಗದ ಹಾಗೆ ಇಳೀತಾ ಬರ್ತದೆ, ಒಮ್ಮೊಮ್ಮೆ ಗೊತ್ತಾಗುವ ಹಾಗೆಯೂ. ನೀವು 200 ಕೆಜಿಯ ಅಡಿಯಲ್ಲಿ ಮಲಗಿ ನಂಬಿದ್ದು ಉಕ್ಕನ್ನಲ್ಲ, ಆ ರಬ್ಬರನ್ನು.

ಟ್ರಾಲಿ ಜಾಕಿಯ ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಅದಕ್ಕೆ ಚಕ್ರ ಇಟ್ಟದ್ದು ನಮಗೆ ಎಳ್ಕೊಂಡು ಹೋಗ್ಲಿಕ್ಕೆ ಅಂತ ನಾನೂ ನೆನೆಸಿದ್ದೆ. ಉಪ್ಪಳದ ಒಂದು ವರ್ಕ್‌ಶಾಪಿನ ಇಚ್ಚ (ಅಣ್ಣ) ತೋರಿಸಿಕೊಟ್ರು, ಅದರ ಕೈ ಮೇಲೆ ಹೋಗುದು ನೇರ ಅಲ್ಲ, ಬಾಗಿಲು ತೆರೆದ ಹಾಗೆ ಕಮಾನಿನಲ್ಲಿ, ಹಾಗಾಗಿ ಕಾರು ಮೇಲೆ ಹೋದ ಹಾಗೆ ಜಾಕಿಯೇ ಸ್ವಲ್ಪ ಮುಂದೆ ಉರುಳಿ ಕಾರಿನ ಅಡಿಗೆ ಹೋಗ್ಬೇಕು. ಉರುಳ್ಲಿಕ್ಕೆ ಬಿಡದಿದ್ರೆ? ಚಕ್ರ ಮಣ್ಣಿನಲ್ಲಿ ಹೂತ್ರೆ, ಜಲ್ಲಿಗೆ ಸಿಕ್ಕಿದ್ರೆ, ಇಂಟರ್‌ಲಾಕಿನ ಸಂದಿನಲ್ಲಿ ಕೂತ್ರೆ, ಜಾಕಿ ಅಲ್ಲಿಯೇ ನಿಲ್ತದೆ ಮತ್ತು ಮೇಲಿನ ಬಟ್ಟಲು ಕಾರಿನ ಪಾಯಿಂಟಿನಿಂದ ಜಾರ್ತಾ ಬರ್ತದೆ, ನೀವು ಹಿಡಿ ಒತ್ತುತ್ತಾ ಇರ್ತೀರಿ, ಕಾರು ಏರ್ತಾ ಇರ್ತದೆ, ಎಲ್ಲಾ ಸರಿ ಉಂಟು ಅಂತ ಕಾಣ್ತದೆ, ಬಟ್ಟಲಿನ ಅಂಚು ತಪ್ಪುವವರೆಗೆ. ಹಾಗಾಗಿ ಟ್ರಾಲಿ ಜಾಕಿ ಗಟ್ಟಿ ಸಿಮೆಂಟು ನೆಲಕ್ಕೆ ಮಾತ್ರ. ಅಡಿಕೆ ಒಣಗಿಸುವ ಅಂಗಳ ಸಿಮೆಂಟು ಮಾಡಿದ್ದು ಇದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಮಾರ್ಚಿನಲ್ಲಿ ಅಡಿಕೆ ಹರಡಿ ಇರುವಾಗ ಮನೆಯವರು ಬಿಟ್ರೆ.

ನೆಲದ ವಿಷಯ ಬಂತಲ್ಲ. ವರ್ಷಕ್ಕೆ ಮೂರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬರುವ ಊರು, ಹಾಗಾಗಿ ಯಾರೂ ಅಂಗಳವನ್ನು ಸಮತಟ್ಟು ಮಾಡುದಿಲ್ಲ, ನೀರು ತೋಟಕ್ಕೆ ಹೋಗ್ಲಿ ಅಂತ ಒಂದು ಕಡೆ ಇಳಿಜಾರು ಕೊಟ್ಟೇ ಕೊಡ್ತೇವೆ. ಕಣ್ಣಿಗೆ ಕಾಣುದಿಲ್ಲ, ಒಂದು ಬಾಟ್ಲಿ ಮಲಗಿಸಿ ನೋಡಿ, ಉರುಳಿದ್ರೆ ಜಾಗ ಬದಲಾಯಿಸಿ. ಜೂನ್ ಆದ ಮೇಲೆ ಪಾಚಿ ಕಟ್ಟಿದ ಅಂಗಳದಲ್ಲಿ ಈ ಕೆಲಸವೇ ಬೇಡ, ಮನುಷ್ಯನೇ ನಿಲ್ಲುದಿಲ್ಲ ಅಲ್ಲಿ. ಮಣ್ಣು ನೆಲದಲ್ಲಿ ಪಂಕ್ಚರ್ ಆದ್ರೆ ಕತ್ತರಿ ಜಾಕಿಯ ಅಡಿಗೆ ಅದರ ಪಾದಕ್ಕಿಂತ ಎರಡು ಮೂರು ಪಟ್ಟು ಅಗಲದ ಗಟ್ಟಿ ಹಲಗೆ, ಮುಕ್ಕಾಲಿಂಚಿನ ಪ್ಲೈವುಡ್ ಆದ್ರೂ ಆದೀತು, ಡಿಕ್ಕಿಯಲ್ಲಿ ಒಂದು ತುಂಡು ಯಾವಾಗಲೂ ಇರ್ಲಿ.

ಇನ್ನು ಕಾರು ಉರುಳುದು. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ಗೇರಿನಲ್ಲಿ ಇಟ್ಟಿದ್ದೇನೆ, ಇನ್ನೆಂತ ಬೇಕು ಅಂತ ಕೇಳುವವರು ಇದನ್ನು ಸ್ವಲ್ಪ ನಿಧಾನ ಓದಿ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಡಿಯುದು ಹಿಂದಿನ ಎರಡು ಚಕ್ರ ಮಾತ್ರ. ಹಿಂದುಗಡೆ ಎತ್ತಿದ್ರೆ ಆ ಎರಡು ಚಕ್ರ ಗಾಳಿಯಲ್ಲಿ, ಬ್ರೇಕ್ ಗಾಳಿಯನ್ನು ಹಿಡ್ಕೊಂಡ ಹಾಗೆ. ಗೇರು ಹಿಡಿಯುದು ಎಂಜಿನ್ ಯಾವ ಚಕ್ರ ತಿರುಗಿಸ್ತದೋ ಅದನ್ನು, ಈಗಿನ ಹೆಚ್ಚಿನ ಸಣ್ಣ ಕಾರಿನಲ್ಲಿ ಮುಂದಿನದ್ದು. ಆದ್ರೆ ಮುಂದಿನ ಒಂದೇ ಚಕ್ರ ಎತ್ತಿದ್ರೂ ಗೇರು ಹಿಡಿಯುದಿಲ್ಲ, ಯಾಕಂದ್ರೆ ಮಧ್ಯದಲ್ಲಿ ಡಿಫರೆನ್ಷಿಯಲ್ ಉಂಟು, ಎರಡು ಚಕ್ರ ಬೇರೆ ಬೇರೆ ಸ್ಪೀಡಿನಲ್ಲಿ ತಿರುಗ್ಲಿ ಅಂತಲೇ ಇಟ್ಟದ್ದು ಅದು. ನೆಲದ ಚಕ್ರ ಮುಂದೆ ಉರುಳಿದ್ರೆ ಗಾಳಿಯ ಚಕ್ರ ಹಿಂದೆ ತಿರುಗ್ತದೆ, ಗೇರ್‌ಬಾಕ್ಸ್ ಅಲುಗುದೇ ಇಲ್ಲ. ಆಟೋಮ್ಯಾಟಿಕ್ ಕಾರಿನ ಪಿ (ಪಾರ್ಕಿಂಗ್) ಗೇರಿಗೂ ಇದೇ ಕಥೆ. ಅಂದ್ರೆ ಮುಂದೆ ಎತ್ತುವಾಗ ನಿಮ್ಮನ್ನು ಕಾಯುದು ಹ್ಯಾಂಡ್‌ಬ್ರೇಕ್, ಹಿಂದೆ ಪೂರ್ತಿ ಎತ್ತುವಾಗ ಗೇರು. ಈಗ ಓಮ್ನಿ ತೆಗೆದುಕೊಳ್ಳಿ, ಬೊಲೆರೊ ತೆಗೆದುಕೊಳ್ಳಿ, ಅವುಗಳಲ್ಲಿ ಎಂಜಿನ್ ತಿರುಗಿಸುದೂ ಹಿಂದಿನ ಚಕ್ರವನ್ನೇ, ಹ್ಯಾಂಡ್‌ಬ್ರೇಕ್ ಹಿಡಿಯುದೂ ಹಿಂದಿನ ಚಕ್ರವನ್ನೇ. ಹಿಂದೆ ಎರಡೂ ಚಕ್ರ ಎತ್ತಿದ ಗಳಿಗೆಗೆ ಎರಡೂ ಒಟ್ಟಿಗೆ ಹೋಯ್ತು. ಮುಂದಿನ ಟೈರಿಗೆ ಕೊಟ್ಟ ಕಲ್ಲು ಬಿಟ್ರೆ ಆ ಗಾಡಿಯನ್ನು ಹಿಡಿದದ್ದು ಎಂತದೂ ಇಲ್ಲ.

ಹಾಗಾಗಿ ಟೈರಿಗೆ ಅಡ್ಡ ಕೊಡುದು ಕ್ಲೀನರ್ ಹುಡುಗನ ಕೆಲಸ ಅಂತ ಬಿಡ್ಲಿಕ್ಕೆ ಇಲ್ಲ. ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ, ಓರೆ ಕೊಯ್ದ ಮರದ ತುಂಡು ಆದ್ರೆ ಒಳ್ಳೇದು, ಟೈರಿಗೆ ಒತ್ತಿ ಕೂರಬೇಕು. ಉರುಟು ಕಲ್ಲು ಬೇಡ, ಅದೂ ಟೈರಿನ ಜೊತೆ ಉರುಳ್ತದೆ.

ಚಕ್ರದ ನಟ್ ಸಡಿಲ ಮಾಡುದು ಕಾರು ನೆಲದಲ್ಲಿ ಇರುವಾಗ, ಅರ್ಧ ಸುತ್ತು ಸಾಕು. 60 ಕೆಜಿಯ ಮನುಷ್ಯ ಒಂದು ಅಡಿ ಹತ್ತಿರ ಉದ್ದದ ವೀಲ್ ಸ್ಪ್ಯಾನರಿನ ತುದಿ ಮೇಲೆ ಹತ್ತಿ ನಿಂತ್ರೆ ತಿರುಗಿಸುವ ಬಲ 150 ನ್ಯೂಟನ್ ಮೀಟರ್ ದಾಟ್ತದೆ, ಅದನ್ನು ಜಾಕಿ ಮೇಲೆ ನಿಂತ ಕಾರಿಗೆ ಕೊಡುದು ಅಂದ್ರೆ ಮಾವ ಆ ಬೋಲ್ಟಿಗೆ ಮಾಡಿದ್ದೇ.

ಎಲ್ಲಿಗೆ ಜಾಕಿ ಕೊಡುದು ಅಂದ್ರೆ, ಬಾಗಿಲಿನ ಕೆಳಗಿನ ಆ ಅಂಚಿನಲ್ಲಿ ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಹತ್ತಿರ ಹತ್ತಿರ ಎರಡೆರಡು ಸಣ್ಣ ಕಚ್ಚು ಇರ್ತದೆ, ಬೆರಳು ಹಾಕಿ ಎಳೆದ್ರೆ ಸಿಗ್ತದೆ. ಆ ಎರಡು ಕಚ್ಚಿನ ಮಧ್ಯ ಮಾತ್ರ ಒಳಗೆ ಬಲ ಕೊಟ್ಟಿರ್ತಾರೆ, ಅರ್ಧ ಅಡಿ ಆಚೆ ಕೊಟ್ರೆ ತಗಡು ಅಪ್ಪಳದ ಹಾಗೆ ಮಡಚ್ತದೆ. ಎಂಜಿನ್ ಆಯಿಲಿನ ಚೇಂಬರಿಗೆ, ಗೇರ್‌ಬಾಕ್ಸಿಗೆ, ಸೀಟಿನ ಅಡಿಯ ತೆಳು ತಗಡಿಗೆ ಕೊಡ್ಲೇಬಾರ್ದು. ಎಲೆಕ್ಟ್ರಿಕ್ ಕಾರಾದ್ರೆ ಅಡಿಗೆ ಪೂರ್ತಿ ಬ್ಯಾಟರಿಯೇ ಹಾಸಿರ್ತದೆ, ಗುರುತು ಮಾಡಿದ ಜಾಗ ಬಿಟ್ಟು ಬೇರೆ ಎಲ್ಲಿಯೂ ಕೈ ಹಾಕುವ ಹಾಗಿಲ್ಲ. ಸಮುದ್ರ ಬದಿಯ ಕಾರುಗಳಿಗೆ, ಅಂದ್ರೆ ಮಂಜೇಶ್ವರ ಕುಂಬಳೆ ಕಡಪ್ಪುರದವರಿಗೆ ಒಂದು ಮಾತು, ಉಪ್ಪು ಗಾಳಿಗೆ ಆ ಅಂಚು ಒಳಗಿಂದ ತಿಂದು ಹೋಗಿರ್ತದೆ, ಹೊರಗೆ ಪೇಂಟ್ ಚಂದ ಇರ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ, ಟಣ್ ಅನ್ನದೆ ಬೊದ ಬೊದ ಅಂದ್ರೆ ಅಲ್ಲಿಗೆ ಭಾರ ಕೊಡ್ಬೇಡಿ.

ಈಗ ನಿಜವಾದ ಸಾಮಾನು, ಜಾಕ್ ಸ್ಟ್ಯಾಂಡ್. ಮೂರು ಅಥವಾ ನಾಲ್ಕು ಕಾಲು ಅಗಲಕ್ಕೆ ಇಟ್ಟ ಕಬ್ಬಿಣದ ಗೋಪುರ, ಒಳಗೆ ಒಂದು ಕಂಬ ಏರಿಸಿ ಇಳಿಸ್ಲಿಕ್ಕೆ ಆಗ್ತದೆ, ಎಣ್ಣೆಯೂ ಇಲ್ಲ ಸೀಲೂ ಇಲ್ಲ, ಕಬ್ಬಿಣದ ಮೇಲೆ ಕಬ್ಬಿಣ. ಜೋಡಿಯಾಗಿ ಸಿಗ್ತದೆ, ಲೇಬಲಿನಲ್ಲಿ ಬರೆದ ಟನ್ ಒಂದಕ್ಕೋ ಎರಡೂ ಸೇರಿಯೋ ಅಂತ ಸರಿ ನೋಡಿ ತೆಗೆದುಕೊಳ್ಬೇಕು. ಎರಡು ಜಾತಿ ಉಂಟು, ಹಲ್ಲಿನ ಕಂಬಕ್ಕೆ ಲಿವರ್ ಕಚ್ಚಿ ನಿಲ್ಲುವಂತದ್ದು, ಮತ್ತೆ ತೂತಿಗೆ ದಪ್ಪ ಪಿನ್ ಹಾಕುವಂತದ್ದು. ಹಲ್ಲಿನದ್ದು ಸುಲಭ, ಆದ್ರೆ ಹಲ್ಲು ಪೂರ್ತಿ ಕಚ್ಚಿದೆಯಾ ಅಂತ ಬಗ್ಗಿ ನೋಡ್ಲೇಬೇಕು. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಇಂಥ ಸ್ಟ್ಯಾಂಡ್ ವಾಪಸ್ ಕರೆಸಿಕೊಂಡ್ರು, ಫ್ಯಾಕ್ಟರಿಯ ಅಚ್ಚು ಸವೆದು ಹಲ್ಲು ಸಾಕಷ್ಟು ಆಳಕ್ಕೆ ಕಚ್ಚುತ್ತಾ ಇರ್ಲಿಲ್ಲ, ಭಾರ ಸ್ವಲ್ಪ ಅತ್ತಿತ್ತ ಆದ್ರೆ ಕಂಬ ಕುಸೀತಿತ್ತು. ಅದಕ್ಕೆ ಬದಲಿ ಅಂತ ಕೊಟ್ಟದ್ದರಲ್ಲಿಯೂ ಕೆಲವಕ್ಕೆ ವೆಲ್ಡಿಂಗ್ ಸರಿ ಇಲ್ಲ ಅಂತ ಅದನ್ನೂ ವಾಪಸ್ ಕರೆಸಿದ್ರು! ಸ್ಟ್ಯಾಂಡ್ ಕೂಡಾ ದೇವರಲ್ಲ ಅಂತ ಹೇಳ್ಲಿಕ್ಕೆ ಇದನ್ನು ಬರೆದೆ. ನಾನು ತೆಗೊಂಡದ್ದು ಪಿನ್ನಿನದ್ದು, ಎತ್ತರ ಬೇಕಾದ ಹಾಗೆ ಸಿಗುದಿಲ್ಲ, ಒಂದಿಂಚು ಜಾಸ್ತಿ ಎತ್ಬೇಕಾಗ್ತದೆ ಕೆಲವೊಮ್ಮೆ, ಆದ್ರೆ ಪಿನ್ ಆಚೆಯಿಂದ ಈಚೆಗೆ ಬಂದದ್ದು ಕಣ್ಣಿಗೆ ಕಾಣ್ತದೆ.

ಸ್ಟ್ಯಾಂಡ್ ಇಡುವಾಗ ಎಲ್ಲರಿಗೂ ಬರುವ ತಾಪತ್ರಯ ಒಂದೇ, ಜಾಕಿ ಕೊಟ್ಟ ಜಾಗದಲ್ಲಿಯೇ ಸ್ಟ್ಯಾಂಡೂ ಕೂರಬೇಕು, ಒಂದು ಜಾಗಕ್ಕೆ ಇಬ್ಬರು. ಟ್ರಾಲಿ ಜಾಕಿ ಇದ್ದವರು ಪುಸ್ತಕದಲ್ಲಿ ತೋರಿಸಿದ ಮಧ್ಯದ ಪಾಯಿಂಟಿಗೆ, ಮುಂದೆ ಎಂಜಿನ್ ಹೊತ್ತ ಅಡ್ಡ ಪಟ್ಟಿಗೆ, ಕೊಟ್ಟು ಎತ್ತಿ ಎರಡು ಬದಿಯ ಕಚ್ಚಿನ ಅಡಿಗೆ ಎರಡು ಸ್ಟ್ಯಾಂಡ್ ಇಡುದು. ಕತ್ತರಿ ಜಾಕಿ ಮಾತ್ರ ಇದ್ರೆ ಕಚ್ಚಿಗೆ ಜಾಕಿ, ಸ್ಟ್ಯಾಂಡು ಅಲ್ಲೇ ಒಳಗಡೆ ಚಕ್ರವನ್ನು ಹಿಡಿಯುವ ಸಸ್ಪೆನ್ಷನ್ ಕೈ ಬಂದು ಬೋಲ್ಟ್ ಆಗುವ ದಪ್ಪ ಜಾಗದ ಅಡಿಗೆ, ಬೊಲೆರೊ ತರದ ಚಾಸಿ, ಅಂದ್ರೆ ಅಡಿಗೆ ಬೇರೆಯೇ ಕಬ್ಬಿಣದ ಚೌಕಟ್ಟು, ಇರುವ ಗಾಡಿಯಾದ್ರೆ ಸೀದಾ ಚಾಸಿಯ ಅಡಿಗೆ, ಅಲ್ಲಿ ತಲೆಬಿಸಿಯೇ ಇಲ್ಲ. ಸ್ಟ್ಯಾಂಡಿನ ತಲೆ ಮತ್ತು ಆ ತಗಡಿನ ಅಂಚಿನ ಮಧ್ಯ ಅಂಚು ಕೂರ್ಲಿಕ್ಕೆ ಗೀಟು ಕೊರೆದ ರಬ್ಬರ್ ತುಂಡು ಬೇಕು, ಭಾರ ಹರಡ್ಲಿಕ್ಕೆ. ಮತ್ತೆ ಜಾಕಿ ನಿಧಾನ ಇಳಿಸಿ ಭಾರ ಸ್ಟ್ಯಾಂಡಿಗೆ ಕೊಡಿ, ಒಮ್ಮೆಗೇ ಸ್ಕ್ರೂ ಬಿಟ್ರೆ ಕಾರು ಧಡಕ್ಕನೆ ಕೂತು ಸ್ಟ್ಯಾಂಡ್ ಓರೆ ಆಗ್ತದೆ. ಜಾಕಿಯನ್ನು ತೆಗಿಯುದು ಬೇಡ, ಬರೀ ತಾಗಿ ನಿಂತಿರ್ಲಿ. ಬಿಚ್ಚಿದ ಚಕ್ರ ಕಾರಿನ ಅಡಿಗೆ ಮಲಗಿಸಿ. ಹೌದು, ಅದೇ ಉದಾಸೀನದ ಚಕ್ರ, ಈಗ ನಾನು ಅದನ್ನು ಬೇಕೂಂತಲೇ ಇಡ್ತೇನೆ, ಚಕ್ರ ಬಿಚ್ಚದ ಕೆಲಸಕ್ಕೆ ಸ್ಟೆಪ್ನಿ ತೆಗೆದು ಇಡ್ತೇನೆ.

ಅಡಿಗೆ ಹೋಗುವ ಮೊದಲು ಕಾರನ್ನು ಸೊಂಟದಿಂದ ನೂಕಿ ನೋಡಿ, ಬದಿಯಿಂದಲೂ ಮುಂದಿನಿಂದಲೂ, ನಾಚಿಕೆ ಮಾಡದೆ ಜೋರಾಗಿ. ಬೀಳುವುದಿದ್ರೆ ನೀವು ಹೊರಗೆ ಇರುವಾಗ ಬೀಳ್ಲಿ. ಸ್ಟ್ಯಾಂಡಿನ ಒಂದು ಕಾಲು ನೆಲ ಬಿಟ್ಟು ಎದ್ದಿದ್ರೆ ಪುನಃ ಎತ್ತಿ ಸರಿ ಇಡಿ, ಅಡಿಗೆ ರಟ್ಟು ತುಂಬಿಸುದು ಬೇಡ. ಕೀ ನಿಮ್ಮ ಜೇಬಿನಲ್ಲಿರ್ಲಿ, ಯಾಕಂದ್ರೆ ಮನೆಯ ಮಕ್ಕಳಿಗೆ ನಿಂತ ಕಾರು ಅಂದ್ರೆ ಸ್ಟೇರಿಂಗ್ ತಿರುಗಿಸುವ ಆಟ, ಒಳಗೆ ಯಾರೂ ಇರ್ಬಾರ್ದು. ಒಬ್ಬರೇ ಇರುವಾಗ ಅಡಿಗೆ ಹೋಗ್ಬೇಡಿ, ಹೋಗ್ಲೇಬೇಕಾದ್ರೆ ಮನೆಯಲ್ಲಿ ಹೇಳಿ, ಮೊಬೈಲ್ ಕೈಗೆ ಸಿಗುವಲ್ಲಿ ನೆಲದ ಮೇಲೆ ಇಡಿ, 112 ಒತ್ಲಿಕ್ಕೆ ಒಂದು ಕೈ ಸಾಕು. ನಾಲ್ಕೂ ಚಕ್ರ ಎತ್ತುವ ಕೆಲಸ ಮನೆಯಲ್ಲಿ ಮಾಡುದಕ್ಕೆ ನನ್ನ ಓಟಿಲ್ಲ, ಅದಕ್ಕೆ ಗುಂಡಿ ಇರುವ, ಲಿಫ್ಟ್ ಇರುವ ವರ್ಕ್‌ಶಾಪ್ ಬೇಕಾದಷ್ಟು ಉಂಟು. ಕೆಲವರು ಒಂದು ಬದಿಯ ಚಕ್ರ ತೋಟದ ದರೆಗೆ ಹತ್ತಿಸಿ ಆಯಿಲ್ ಬಿಚ್ಚುದು ನೋಡಿದ್ದೇನೆ, ಮಳೆ ಬಿದ್ದ ದರೆ ಜರಿಯುದು ನಮಗೆ ಗೊತ್ತಿಲ್ಲದ ಸಂಗತಿಯಾ ಮಾರಾಯ್ರೆ?

ಹೈವೇಯಲ್ಲಿ ಪಂಕ್ಚರ್ ಆದ್ರೆ ರಿಮ್ಮು ಹಾಳಾದ್ರೂ ಚಿಂತಿಲ್ಲ, ನಿಧಾನ ನೂರು ಮೀಟರ್ ಹೋಗಿ ಸರ್ವಿಸ್ ರಸ್ತೆಯೋ ಪೆಟ್ರೋಲ್ ಬಂಕೋ ಸೇರಿ. ಎಲ್ಲರನ್ನೂ ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ ಮತ್ತೆ ಜಾಕಿ ತೆಗಿರಿ.

ಇಳಿಸುವಾಗ ಎಲ್ಲರಿಗೂ ಅವಸರ, ಕೆಲಸ ಮುಗೀತಲ್ಲ. ಮೊದಲು ಚಕ್ರ ಹಾಕಿ ನಟ್ ಕೈಯಲ್ಲಿ ಕೂರಿಸಿ, ಅಡಿಗೆ ಬಗ್ಗಿ ಸ್ಪ್ಯಾನರ್ ಚಿಂದಿ ಬಟ್ಟೆ ಬೆಕ್ಕು ಎಂತ ಉಂಟು ನೋಡಿ, ಸ್ವಲ್ಪ ಎತ್ತಿ ಸ್ಟ್ಯಾಂಡ್ ಹೊರಗೆ ಎಳೆದು, ನಿಧಾನ ಇಳಿಸಿ. ನೆಲಕ್ಕೆ ಭಾರ ಬಂದ ಮೇಲೆ ನಟ್ ಬಿಗಿ ಮಾಡುದು, ಒಂದರ ಪಕ್ಕ ಒಂದಲ್ಲ, ಎದುರು ಬದುರಿನದ್ದು. ಪ್ಯಾಡ್ ಬದಲಾಯಿಸಿದ್ರೆ ಗಾಡಿ ಸ್ಟಾರ್ಟ್ ಮಾಡಿ ಹೊರಡುವ ಮೊದಲು ಬ್ರೇಕ್ ಪೆಡಲ್ ಗಟ್ಟಿ ಆಗುವವರೆಗೆ ನಾಲ್ಕೈದು ಸಲ ಒತ್ತಿ, ಇಲ್ಲಾಂದ್ರೆ ಮೊದಲನೇ ಒತ್ತು ಸೀದಾ ಕೆಳಗೆ ಹೋಗ್ತದೆ, ಕಾರು ಗೇಟಿಗೆ. ಪೇಟೆಗೆ ಒಂದು ಸುತ್ತು ಹೋಗಿ ಬಂದು ನಟ್ ಇನ್ನೊಮ್ಮೆ ನೋಡ್ಬೇಕು. ಮಾವ ಈಗ ಅದನ್ನು ನನಗಿಂತ ಚಂದ ಮಾಡ್ತಾರೆ. ಸ್ಟ್ಯಾಂಡ್ ಮಾತ್ರ ಇವತ್ತಿಗೂ ನನ್ನ ಮನೆಯಿಂದಲೇ ತಗೊಂಡು ಹೋಗುದು, ವಾಪಸ್ ತರ್ಲಿಕ್ಕೆ ನಾನೇ ಹೋಗ್ಬೇಕು, ಹೋದಾಗೆಲ್ಲಾ ಆ ಎರಡು ಹೋಳು ಕಲ್ಲು ಅಂಗಳದ ಕರೆಯಲ್ಲಿ ತುಳಸಿ ಕುಂಡದ ಅಡಿಗೆ ಕೂತದ್ದು ಕಾಣ್ತದೆ, ಅಷ್ಟು ಭಾರಕ್ಕೆ ಅವು ಸರಿಯಾಗಿಯೇ ನಿಂತಿವೆ.